ಲೆಕ್ಕದಲ್ಲಿ ಅದುಮಿದ ಹರಳು

ನಮ್ಮ ಕಾಲ ಕೆಳಗೆ 2,890 ಕಿಲೋಮೀಟರ್ ಆಳದಲ್ಲಿ, ಶಿಲಾಮಯವಾದ ಮ್ಯಾಂಟಲ್ ಮುಗಿದು ಕರಗಿದ ಕಬ್ಬಿಣದ ಕೇಂದ್ರಗೋಳವು ಆರಂಭವಾಗುವ ಎಡೆಯಲ್ಲಿ, ಒತ್ತಡವು ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 13 ಲಕ್ಷ ಪಟ್ಟು ಇರುತ್ತದೆ. ಮನುಷ್ಯನು ಭೂಮಿಯನ್ನು ಅತ್ಯಂತ ಆಳವಾಗಿ ಕೊರೆದದ್ದು ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ. ಎರಡು ದಶಕಗಳ ಪರಿಶ್ರಮದ ಬಳಿಕ ಆ ರಂಧ್ರವು 12 ಕಿಲೋಮೀಟರನ್ನು ಸ್ವಲ್ಪವೇ ಮೀರಿ ನಿಂತಿತು. ಹೀಗಿರುವಲ್ಲಿ ಆ ಪಾತಾಳದ ಶಿಲೆಯೊಳಗೆ ಪರಮಾಣುಗಳು ಯಾವ ಕ್ರಮದಲ್ಲಿ ಜೋಡಣೆಗೊಂಡಿವೆಯೆಂದು ಹೇಳಬಲ್ಲವರು ಯಾರು, ಮತ್ತು ಯಾವ ಆಧಾರದ ಮೇಲೆ ಹೇಳಬಲ್ಲರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಗೆ ಉತ್ತರವನ್ನೀಯುವ ಸಾಧನಗಳಲ್ಲಿ ಒಂದು, ಕಳೆದ ನಾಲ್ಕೈದು ದಶಕಗಳಲ್ಲಿ ಮೆಲ್ಲಮೆಲ್ಲನೆ ಬಲಿತು, ಈಗ ಪ್ರಯೋಗಶಾಲೆಯ ಉಪಕರಣಗಳಷ್ಟೇ ಗೌರವಕ್ಕೆ ಪಾತ್ರವಾಗಿರುವ ಗಣನಕಲೆ: ಹರಳನ್ನು ಕೈಯಿಂದ ಮುಟ್ಟದೆ, ಅದರ ಪರಮಾಣುಗಳ ನಿಯಮಗಳನ್ನು ಮಾತ್ರ ತಿಳಿದುಕೊಂಡು, ಗಣಕಯಂತ್ರದೊಳಗೆ ಅದನ್ನು ಅದುಮಿ ನೋಡುವ ವಿದ್ಯೆ.

ಈ ವಿದ್ಯೆಯ ಬಲವನ್ನು ಲೋಕಕ್ಕೆ ಮನಗಾಣಿಸಿದ ಪ್ರಸಂಗವು 2004ನೆಯ ಇಸವಿಯದು. ಭೂಕಂಪದ ಅಲೆಗಳು ಭೂಗರ್ಭವನ್ನು ಹಾದು ಬರುವಾಗಿನ ವೇಗವನ್ನು ಅಳೆದ ವಿಜ್ಞಾನಿಗಳಿಗೆ, ಮ್ಯಾಂಟಲಿನ ಕಟ್ಟಕಡೆಯ ಇನ್ನೂರು ಮುನ್ನೂರು ಕಿಲೋಮೀಟರ್ ದಪ್ಪದ ಪದರವು ಅದರ ಮೇಲಿನ ಶಿಲೆಯಂತೆ ವರ್ತಿಸುವುದಿಲ್ಲವೆಂಬುದು ಬಹುಕಾಲದಿಂದ ಗೊತ್ತಿತ್ತು. ನ್ಯೂಜಿಲೆಂಡಿನ ಕೀತ್ ಬುಲೆನ್ ಭೂಮಿಯ ಪದರಗಳಿಗೆ ಅಕ್ಷರಗಳನ್ನೇ ಹೆಸರಾಗಿ ಕೊಟ್ಟಾಗ ಈ ಪದರಕ್ಕೆ ‘ಡಿ ಡಬಲ್ ಪ್ರೈಮ್’ ಎಂಬ ಸಂಜ್ಞೆ ಒದಗಿತು. ಸಂಜ್ಞೆ ದೊರೆತರೂ ಕಾರಣ ದೊರೆಯಲಿಲ್ಲ. ಕೆಲವೆಡೆ ಈ ಪದರದ ನೆತ್ತಿಯಲ್ಲಿ ಅಲೆಯ ವೇಗ ಥಟ್ಟನೆ ಏರುತ್ತಿತ್ತು. ಅಲೆಯ ಕಂಪನದ ದಿಕ್ಕು ಬದಲಾದರೆ ವೇಗವೂ ಬದಲಾಗುತ್ತಿತ್ತು. ಕೆಳಮ್ಯಾಂಟಲಿನ ಬಹುಭಾಗವನ್ನು ತುಂಬಿರುವುದು ಮೆಗ್ನೀಸಿಯಂ, ಸಿಲಿಕಾನ್, ಆಕ್ಸಿಜನ್ ಕೂಡಿದ ಖನಿಜ. ಪೆರೋವ್‌ಸ್ಕೈಟ್ ಎಂಬ ವಿನ್ಯಾಸವುಳ್ಳ ಈ ಖನಿಜಕ್ಕೆ, ಅಧಿಕ ಒತ್ತಡದ ಅಧ್ಯಯನಕ್ಕಾಗಿ 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹಾರ್ವರ್ಡಿನ ಪರ್ಸಿ ಬ್ರಿಜ್‌ಮನ್ನರ ಸ್ಮರಣಾರ್ಥವಾಗಿ 2014ರಲ್ಲಿ ಬ್ರಿಜ್‌ಮನೈಟ್ ಎಂದು ಹೆಸರಾಯಿತು. ಅದರಲ್ಲಿ ಪ್ರತಿಯೊಂದು ಸಿಲಿಕಾನ್ ಪರಮಾಣುವನ್ನೂ ಆರು ಆಕ್ಸಿಜನ್ ಪರಮಾಣುಗಳು ಅಷ್ಟಮುಖಿಯಾಗಿ ಸುತ್ತುವರಿದಿರುತ್ತವೆ; ಆ ಅಷ್ಟಮುಖಿಗಳು ಮೂಲೆಗೆ ಮೂಲೆ ತಾಗಿಸಿಕೊಂಡು ಮೂರು ದಿಕ್ಕುಗಳಿಗೂ ಹಬ್ಬಿರುತ್ತವೆ. ಇಷ್ಟು ನಿಬಿಡವಾದ, ಒತ್ತಾದ ರಚನೆಯು ಇನ್ನು ಬದಲಾಗಲಾರದೆಂದೇ ಹಲವರ ಎಣಿಕೆಯಾಗಿತ್ತು.

ಟೋಕಿಯೋದ ಕೇ ಹಿರೋಸೆ ಮತ್ತು ಮೊಟೋಹಿಕೋ ಮುರಾಕಾಮಿ ಅವರ ತಂಡವು ಈ ಖನಿಜವನ್ನು ಎರಡು ವಜ್ರಗಳ ನಡುವೆ ಸಿಲುಕಿಸಿ, ಲೇಸರ್ ಕಿರಣದಿಂದ ಕಾಯಿಸಿ, ಜಪಾನಿನ ಸ್ಪ್ರಿಂಗ್-8 ಎಂಬ ಬೃಹತ್ ಕ್ಷ-ಕಿರಣಾಗಾರದಲ್ಲಿ ಪರೀಕ್ಷಿಸಿದಾಗ, ಸುಮಾರು 125 ಗಿಗಾಪಾಸ್ಕಲ್ ಒತ್ತಡ ಮತ್ತು 2,500 ಕೆಲ್ವಿನ್ ಉಷ್ಣತೆಯಲ್ಲಿ, ಯಾವ ಪರಿಚಿತ ರಚನೆಗೂ ಹೊಂದದ ರೇಖೆಗಳು ಮೂಡಿಬಂದವು. ಒಂದು ಗಿಗಾಪಾಸ್ಕಲ್ ಎಂದರೆ ಸುಮಾರು ಹತ್ತು ಸಾವಿರ ವಾಯುಮಂಡಲಗಳ ಒತ್ತಡವೆಂದು ವಾಚಕರು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು. ಹೊಸ ಹರಳು ಹುಟ್ಟಿತ್ತು, ಆದರೆ ಅದರ ಆಕಾರ ತಿಳಿದಿರಲಿಲ್ಲ; ಅಷ್ಟು ಸೂಕ್ಷ್ಮವಾದ ಕಣದಿಂದ ಬಂದ ಮಸುಕಾದ ರೇಖೆಗಳನ್ನು ಮಾತ್ರವೇ ನೆಚ್ಚಿ ಪರಮಾಣುಗಳ ನೆಲೆಯನ್ನು ನಿರ್ಣಯಿಸುವುದು ದುಷ್ಕರ. ಅವರು ಗಣಕದ ನೆರವನ್ನು ಪಡೆದರು. ಅದೇ ವರ್ಷ ಜ್ಯೂರಿಕ್ಕಿನಲ್ಲಿದ್ದ ಆರ್ಟೆಮ್ ಒಗಾನೋವ್ ಮತ್ತು ಜಪಾನಿನ ಶಿಗೆಯಾಕಿ ಓನೋ ಬೇರೊಂದು ದಾರಿಯಿಂದ, ಕ್ವಾಂಟಂ ಗಣನೆಯನ್ನು ಪ್ರಯೋಗದೊಡನೆ ಹೆಣೆದು, ಅದೇ ಉತ್ತರಕ್ಕೆ ಬಂದು ಸೇರಿದರು. ಅಮೆರಿಕದ ಮಿನೆಸೋಟದಲ್ಲಿ ರೆನಾಟಾ ವೆಂಟ್ಸ್‌ಕೋವಿಚ್ ಅವರ ಬಳಗವೂ ಅದನ್ನೇ ಗಣಿಸಿ ತೋರಿಸಿತು. ಅಷ್ಟಮುಖಿಗಳು ಮೂರು ದಿಕ್ಕಿಗೂ ಹಬ್ಬುವುದನ್ನು ಬಿಟ್ಟು ಹಾಳೆಗಳಾಗಿ ಹಾಸಿಕೊಂಡಿದ್ದವು. ಹಾಳೆಹಾಳೆಗಳ ನಡುವೆ ಮೆಗ್ನೀಸಿಯಂ ನೆಲೆಸಿತ್ತು. ಹಾಳೆಗಳ ರಚನೆಯಾದುದರಿಂದಲೇ ದಿಕ್ಕಿಗೊಂದು ಗುಣ, ದಿಕ್ಕಿಗೊಂದು ವೇಗ. ಬುಲೆನ್ನರ ಪದರದ ವೈಚಿತ್ರ್ಯಕ್ಕೆ ಕೊನೆಗೂ ಒಂದು ಕಾರಣ ಕೈಗೆಟುಕಿತು.

ಪ್ರಯೋಗ ಮತ್ತು ಗಣನೆಗಳು ಹೀಗೆ ಒಂದನ್ನೊಂದು ಅಪೇಕ್ಷಿಸುವುದಕ್ಕೆ ಆಳವಾದ ಒಂದು ಹೇತುವುಂಟು. ಪ್ರಯೋಗಶಾಲೆಯಲ್ಲಿ ಕಷ್ಟಸಾಧ್ಯವಾದುದು ಒತ್ತುವ ಕೆಲಸ: ವಜ್ರಗಳು ಸೀಳುತ್ತವೆ, ಕಣವು ಜಾರುತ್ತದೆ, ಉಷ್ಣತೆಯು ಒಂದೆಡೆಯಿಂದ ಇನ್ನೊಂದೆಡೆಗೆ ಬೇರೆಯಾಗುತ್ತದೆ. ಆದರೆ ಒತ್ತಿದ್ದಾದ ಮೇಲೆ ಹರಳು ತನ್ನ ಹೊಸ ರಚನೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಯಾವುದಾಗಬೇಕೆಂದು ನಾವು ಅದಕ್ಕೆ ಹೇಳಿಕೊಡಬೇಕಾಗಿಲ್ಲ. ಗಣಕದಲ್ಲಿ ಇದು ತಲೆಕೆಳಗು. ಅಲ್ಲಿ ಒತ್ತುವುದಕ್ಕಿಂತ ಸುಲಭವಾದ ಕಾರ್ಯವಿಲ್ಲ. ಒಂದು ಅಂಕೆಯನ್ನು ತಿದ್ದಿದರೆ ಭೂಕೇಂದ್ರದ ಒತ್ತಡ, ಇನ್ನೊಂದು ಸೊನ್ನೆಯನ್ನು ಸೇರಿಸಿದರೆ ಗುರುಗ್ರಹದ ಒಳಗಿನ ಒತ್ತಡ. ಯಾವ ರಚನೆಯನ್ನು ಯಾವ ರಚನೆಯೊಡನೆ ತೂಗಿ ನೋಡಬೇಕು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಯಾವುದು ಎಂಬುದನ್ನು ಮಾತ್ರ ಯಂತ್ರವು ತಾನಾಗಿ ತಿಳಿಯದು. ಈ ವಿದ್ಯೆಯ ಚರಿತ್ರೆಯನ್ನು ಓದಿದಷ್ಟೂ, ಅದರ ಶ್ರಮವೆಲ್ಲವೂ ಈ ಎರಡನೆಯ ಭಾಗಕ್ಕೆ ಸಂದಿದೆಯೆಂಬುದು ನನಗೆ ಸ್ಪಷ್ಟವಾಗುತ್ತ ಬಂದಿದೆ.

ಮೊದಲು ಬುನಾದಿಯನ್ನು ನೋಡೋಣ. ಹರಳಿನ ಶಕ್ತಿಯನ್ನು ನಿರ್ಣಯಿಸುವುದು ಅದರ ಎಲೆಕ್ಟ್ರಾನುಗಳ ನಡತೆ. ಆ ನಡತೆಯ ನಿಯಮವನ್ನು ಶ್ರೋಡಿಂಗರ್ 1926ರಷ್ಟು ಹಿಂದೆಯೇ ಸಮೀಕರಣರೂಪದಲ್ಲಿ ಬರೆದುಕೊಟ್ಟಿದ್ದನು. ನಿಯಮ ತಿಳಿದಿದ್ದರೂ ಅದನ್ನು ಬಿಡಿಸಲು ಬಾರದೆಂಬ ಸಂಕಟವನ್ನು ಡಿರಾಕ್ ಮೂರು ವರ್ಷಗಳ ಬಳಿಕ ಸ್ಪಷ್ಟವಾಗಿ ಹೇಳಿದನು. ಸಿಲಿಕಾನಿನ ಹರಳಿನಲ್ಲಿ ಪುನರಾವರ್ತನೆಗೊಳ್ಳುವ ಅತ್ಯಂತ ಕಿರಿಯ ಘಟಕದಲ್ಲಿ ಪರಮಾಣುಗಳು ಎರಡೇ, ಎಲೆಕ್ಟ್ರಾನುಗಳು 28. ಇವುಗಳ ತರಂಗಫಲನವನ್ನು ಬರೆಯಲು, ಒಂದೊಂದಕ್ಕೂ ಮೂರರಂತೆ, 84 ನಿರ್ದೇಶಾಂಕಗಳು ಬೇಕು. ಒಂದೊಂದು ನಿರ್ದೇಶಾಂಕಕ್ಕೂ ಹತ್ತೇ ಬಿಂದುಗಳನ್ನು ಇಟ್ಟುಕೊಂಡರೂ ಒಂದರ ಮುಂದೆ 84 ಸೊನ್ನೆಗಳಷ್ಟು ಬೆಲೆಗಳನ್ನು ಎಲ್ಲಿಯಾದರೂ ಬರೆದಿಡಬೇಕಾಗುತ್ತದೆ. ಅದಕ್ಕೆ ಸಾಕಾಗುವಷ್ಟು ಪರಮಾಣುಗಳು ಕಾಣುವ ವಿಶ್ವದಲ್ಲಿಯೇ ಇಲ್ಲ.

ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯನ್ನು ತೋರಿದವನು ವಾಲ್ಟರ್ ಕೋನ್. 1923ರಲ್ಲಿ ವಿಯೆನ್ನದ ಯಹೂದಿ ಮನೆತನದಲ್ಲಿ ಹುಟ್ಟಿ, ಹದಿನಾರರ ಎಳವೆಯಲ್ಲಿ ತಾಯ್ತಂದೆಗಳನ್ನು ಬಿಟ್ಟು ಇಂಗ್ಲೆಂಡಿಗೆ ಪಾರಾಗಿ, ಅವರಿಬ್ಬರನ್ನೂ ಔಷ್‌ವಿಟ್ಸಿನಲ್ಲಿ ಕಳೆದುಕೊಂಡ ಈತನು, 1964ರಲ್ಲಿ ಪಿಯೇರ್ ಹೋಹೆನ್‌ಬರ್ಗನೊಡಗೂಡಿ, ಎಲೆಕ್ಟ್ರಾನುಗಳ ಅಷ್ಟೂ ನಿರ್ದೇಶಾಂಕಗಳು ಬೇಡ, ಆಯಾ ಸ್ಥಳದಲ್ಲಿ ಅವು ಎಷ್ಟು ದಟ್ಟವಾಗಿವೆಯೆಂಬ ಸಾಂದ್ರತೆಯೊಂದು ತಿಳಿದರೆ ಹರಳಿನ ಕನಿಷ್ಠ ಶಕ್ತಿಯು ತಾನಾಗಿ ನಿರ್ಧಾರವಾಗುತ್ತದೆಂದು ಸಾಧಿಸಿದನು. ಸಾಂದ್ರತೆಯು ಮೂರೇ ನಿರ್ದೇಶಾಂಕಗಳ ವಸ್ತು. ಮರುವರ್ಷ ಲು ಶಾಮ್ ಎಂಬುವನೊಡನೆ ಸೇರಿ ಆ ಪ್ರಮೇಯವನ್ನು ಲೆಕ್ಕ ಹಾಕಲು ಒದಗುವ ಸಮೀಕರಣಗಳ ರೂಪಕ್ಕೆ ಇಳಿಸಿದನು. ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತವೆಂದು ಪ್ರಸಿದ್ಧವಾದ ಈ ಕಾರ್ಯಕ್ಕೆ 1998ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಪ್ರಮೇಯವು ನಿಖರವಾದರೂ ಅದರೊಳಗಿನ ಒಂದು ಪದ, ಎಲೆಕ್ಟ್ರಾನುಗಳು ಪರಸ್ಪರವನ್ನು ತಪ್ಪಿಸಿಕೊಂಡು ನಡೆಯುವುದರಿಂದ ಉಂಟಾಗುವ ಶಕ್ತಿಯ ಪದ, ಯಾರಿಗೂ ಸಂಪೂರ್ಣವಾಗಿ ತಿಳಿಯದು. ಅದಕ್ಕೆ ಅಂದಾಜುಗಳನ್ನು ಹೂಡಬೇಕು. ಈ ವಿದ್ಯೆಯ ಸಮಸ್ತ ಸಾಮರ್ಥ್ಯವೂ ಸಮಸ್ತ ದೌರ್ಬಲ್ಯವೂ ಆ ಒಂದು ಪದದಲ್ಲಿ ಅಡಗಿವೆಯೆಂದರೆ ಅತಿಶಯೋಕ್ತಿಯಲ್ಲ.

ಹರಳಿನ ಘಟಕಕೋಶವನ್ನು ಸ್ವಲ್ಪ ಹಿಗ್ಗಿಸಿ ಒಮ್ಮೆ, ಸ್ವಲ್ಪ ಕುಗ್ಗಿಸಿ ಒಮ್ಮೆ, ಹೀಗೆ ಹಲವು ಗಾತ್ರಗಳಲ್ಲಿ ಅದರ ಶಕ್ತಿಯನ್ನು ಗಣಿಸಿದರೆ, ಬಟ್ಟಲಿನ ಅಡ್ಡಕೊಯ್ತದಂಥ ಒಂದು ವಕ್ರರೇಖೆ ದೊರೆಯುತ್ತದೆ. ಬಟ್ಟಲಿನ ತಳವೇ ಒತ್ತಡವಿಲ್ಲದಾಗಿನ ಸ್ಥಿತಿ. ತಳದಿಂದ ಎಡಕ್ಕೆ, ಅಂದರೆ ಕಿರಿಯ ಗಾತ್ರದ ಕಡೆಗೆ, ರೇಖೆ ಎಷ್ಟು ಕಡಿದಾಗಿ ಏರುವುದೋ ಅಷ್ಟು ಒತ್ತಡ. ಬೇರೊಂದು ರಚನೆಗೆ ಬೇರೊಂದು ಬಟ್ಟಲು. ಒತ್ತಡವಿದ್ದಾಗ ಯಾವ ರಚನೆ ಗೆಲ್ಲುವುದೆಂಬುದನ್ನು ಶಕ್ತಿಯೊಂದೇ ತೀರ್ಮಾನಿಸಲಾರದು. ಶಕ್ತಿಗೆ, ಒತ್ತಡವನ್ನು ಗಾತ್ರದಿಂದ ಗುಣಿಸಿ ಬಂದ ಮೊತ್ತವನ್ನು ಕೂಡಿಸಬೇಕು. ಈ ಕೂಡಿಕೆಗೆ ಎಂಥಾಲ್ಪಿ ಎಂದು ಹೆಸರು. ಹರಳು ತಾನು ಆಕ್ರಮಿಸಿದ ಜಾಗಕ್ಕೆ ಬಾಡಿಗೆ ತೆರುತ್ತಿದೆಯೆಂದು ಭಾವಿಸಿದರೆ ಇದು ತಿಳಿಯಾಗುತ್ತದೆ. ಬಾಡಿಗೆ ಅಲ್ಪವಾಗಿರುವಾಗ ವಿಶಾಲವಾದ ಹಜಾರದ ಮನೆಯಲ್ಲಿ ಸುಖವಾಗಿದ್ದ ಕುಟುಂಬವು, ಚದರಡಿಯ ದರ ಏರುತ್ತ ಹೋದಂತೆ, ಇಕ್ಕಟ್ಟಾದರೂ ಸರಿಯೆಂದು ಸಣ್ಣ ಮನೆಗೆ ಹೊರಡುವ ದಿನವೊಂದು ಬಂದೇ ಬರುತ್ತದೆ. ಒತ್ತಡವೇ ಆ ದರ, ರಚನಾಂತರವೇ ಆ ದಿನ. ಎರಡು ರಚನೆಗಳ ಎಂಥಾಲ್ಪಿ ಸರಿಸಮವಾಗುವ ಒತ್ತಡವನ್ನು ಕಂಡುಹಿಡಿದರೆ, ಹರಳು ಎಲ್ಲಿ ರೂಪವನ್ನು ಬದಲಿಸಬೇಕೆಂಬುದನ್ನು ಕಂಡುಹಿಡಿದಂತಾಯಿತು.

ಇದನ್ನು ಮೊಟ್ಟಮೊದಲು ಮನವೊಪ್ಪುವಂತೆ ಮಾಡಿ ತೋರಿಸಿದ್ದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ, 1980ರಿಂದ 1982ರವರೆಗಿನ ಅವಧಿಯಲ್ಲಿ, ಯಿನ್ ಮತ್ತು ಮಾರ್ವಿನ್ ಕೋಹೆನ್ ಎಂಬಿಬ್ಬರು. ಅವರು ಆರಿಸಿಕೊಂಡದ್ದು ಸಿಲಿಕಾನನ್ನು. ವಜ್ರದ ವಿನ್ಯಾಸದಲ್ಲಿರುವ ಸಿಲಿಕಾನ್ ಒಳಗೆ ಬಹಳ ಪೊಳ್ಳು. ಪ್ರತಿಯೊಂದು ಪರಮಾಣುವಿಗೂ ನಾಲ್ಕೇ ನೆರೆಯವರು. ಒತ್ತಿದರೆ ಅದು ಬಿಳಿ ತವರದ ವಿನ್ಯಾಸಕ್ಕೆ ಕುಸಿದು ಲೋಹವಾಗುತ್ತದೆಂಬುದು ಪ್ರಯೋಗದಿಂದ ತಿಳಿದಿತ್ತು. ಅಳತೆಯಂತೆ ಆ ಒತ್ತಡ ಸುಮಾರು 12 ಗಿಗಾಪಾಸ್ಕಲ್. ಪ್ರಯೋಗದಿಂದ ಯಾವ ಅಂಕೆಯನ್ನೂ ಎರವಲು ತಾರದೆ, ಪರಮಾಣುಸಂಖ್ಯೆಯನ್ನೂ ಪರಿಗಣಿಸಬೇಕಾದ ರಚನೆಗಳನ್ನೂ ಮಾತ್ರ ಕೊಟ್ಟು, ಅವರ ಗಣನೆಯು ಸುಮಾರು 10 ಎಂದು ಉತ್ತರಿಸಿತು. ಅಂತರವನ್ನು ನೋಡಿ ನಿರಾಶರಾಗಬೇಕಾಗಿಲ್ಲ. ಎರಡು ಬೃಹತ್ ಶಕ್ತಿಗಳನ್ನು ಕಳೆದು ಉಳಿಯುವ ಅತ್ಯಲ್ಪ ವ್ಯತ್ಯಾಸದಿಂದ ಈ ಒತ್ತಡವು ನಿಷ್ಪನ್ನವಾಗುವುದರಿಂದ, ಅಷ್ಟು ಹತ್ತಿರಕ್ಕೆ ಬರುವುದೇ ಆಶ್ಚರ್ಯ. ಮುಂದೆ ಕೋಹೆನ್ನರ ಬಳಗವು ಸಿಲಿಕಾನಿನ ಇನ್ನೊಂದು ಉನ್ನತ ಒತ್ತಡದ ರೂಪವು, ಸರಳ ಷಟ್ಕೋನ ವಿನ್ಯಾಸದ್ದು, ತಣಿಸಿದಾಗ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ಅತಿವಾಹಕವಾಗಬೇಕೆಂದು ಭವಿಷ್ಯ ನುಡಿದು, 1985ರಲ್ಲಿ ಪ್ರಯೋಗಕಾರರೊಡನೆ ಕೂಡಿ ಅದನ್ನು ನಿಜವೆಂದು ಕಂಡಿತು. ತಿಳಿದಿದ್ದನ್ನು ವಿವರಿಸುತ್ತಿದ್ದ ಲೆಕ್ಕವು ತಿಳಿಯದ್ದನ್ನು ಹೇಳತೊಡಗಿದ ಸಂದರ್ಭವಿದು. ಇದರ ಮಹತ್ತ್ವವನ್ನು ಎಷ್ಟು ಹೇಳಿದರೂ ಕಡಮೆಯೇ.

ಆದರೆ ಹರಳೆಂಬುದು ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವ ಚೆಂಡಲ್ಲ. ಒತ್ತಿದಾಗ ಅದರ ಕೋಶದ ಒಂದು ಅಂಚು ಹೆಚ್ಚಾಗಿಯೂ ಇನ್ನೊಂದು ಕಡಮೆಯಾಗಿಯೂ ಕುಗ್ಗಬಹುದು, ಕೋನಗಳು ವಾಲಬಹುದು, ಒಳಗಿನ ಪರಮಾಣುಗಳು ಪಲ್ಲಟಗೊಳ್ಳಬಹುದು. ಕೋಶದ ಗಾತ್ರವನ್ನಷ್ಟೇ ಅಲ್ಲದೆ ಅದರ ಆಕಾರವನ್ನೂ ಚಲಿಸುವ ವಸ್ತುವೆಂದೇ ಎಣಿಸಿ, ಹೊರಗಿನ ಒತ್ತಡಕ್ಕೆ ಅದು ತಾನೇ ಮಣಿಯುವಂತೆ ಸಮೀಕರಣಗಳನ್ನು ರಚಿಸಿದವರು ಮಿಕೇಲೆ ಪಾರಿನೆಲ್ಲೋ ಮತ್ತು ಅನೀಸುರ್ ರೆಹಮಾನ್. ರೆಹಮಾನ್ 1927ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ 1964ರಲ್ಲಿಯೇ 864 ಪರಮಾಣುಗಳ ದ್ರವ ಆರ್ಗಾನನ್ನು ಗಣಕದೊಳಗೆ ಚಲಿಸುವಂತೆ ಮಾಡಿ, ಅಣುಚಲನೆಯ ಅನುಕರಣವೆಂಬ ಶಾಸ್ತ್ರಕ್ಕೆ ತಳಪಾಯ ಹಾಕಿದವರು. 1980 ಮತ್ತು 1981ರಲ್ಲಿ ಇವರಿಬ್ಬರು ಪ್ರಕಟಿಸಿದ ಪದ್ಧತಿಯಲ್ಲಿ ಹರಳು ಒಂದು ರಚನೆಯಿಂದ ಇನ್ನೊಂದಕ್ಕೆ ನಮ್ಮ ಕಣ್ಣೆದುರೇ ಹೊರಳುವುದನ್ನು ನೋಡುವುದು ಸಾಧ್ಯವಾಯಿತು. ಅಮೆರಿಕದ ಭೌತವಿಜ್ಞಾನ ಸಂಘವು ಗಣನಭೌತವಿಜ್ಞಾನಕ್ಕಾಗಿ ಕೊಡುವ ಪಾರಿತೋಷಕ ಇಂದು ಅವರ ಹೆಸರಿನಲ್ಲಿದೆ. ನಮ್ಮ ನೆರೆಯ ನಾಡಿನ ಈ ಮಹನೀಯರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಬರಬೇಕೆಂಬುದು ನನ್ನ ಹಂಬಲ. ಅನಂತರ 1983ರಲ್ಲಿ ನೀಲ್ಸನ್ ಮತ್ತು ಮಾರ್ಟಿನ್, ಕ್ವಾಂಟಂ ಗಣನೆಯಿಂದಲೇ ಕೋಶದ ಪ್ರತಿಯೊಂದು ದಿಕ್ಕಿನ ಪೀಡನವನ್ನು ನೇರವಾಗಿ ಪಡೆಯುವ ಸೂತ್ರವನ್ನು ಕೊಟ್ಟರು. ಇದರೊಂದಿಗೆ ಉಪಕರಣವು ಪೂರ್ತಿಯಾಯಿತು.

ಇಂದು ಈ ಕೆಲಸಕ್ಕೆ ಸಿದ್ಧ ತಂತ್ರಾಂಶಗಳುಂಟು. ಕೋನನ ಜನ್ಮನಗರಿಯಾದ ವಿಯೆನ್ನದಲ್ಲಿ ಬೆಳೆದ ವಾಸ್ಪ್, ಇಟಲಿಯ ಟ್ರಿಯೆಸ್ಟಿನ ಸುತ್ತ ಬೆಳೆದು ಯಾರು ಬೇಕಾದರೂ ಉಚಿತವಾಗಿ ಪಡೆದುಕೊಳ್ಳಬಹುದಾದ ಕ್ವಾಂಟಂ ಎಸ್ಪ್ರೆಸ್ಸೋ, ಕೇಂಬ್ರಿಜ್ಜಿನ ಕ್ಯಾಸ್ಟೆಪ್ ಇವು ಬಹುಪರಿಚಿತ. ಸಾಮಾನ್ಯ ಪಠ್ಯಕಡತದಲ್ಲಿ ಕೋಶದ ಅಂಚುಗಳನ್ನೂ ಕೋನಗಳನ್ನೂ, ಪರಮಾಣುಗಳ ಜಾತಿಯನ್ನೂ ನೆಲೆಯನ್ನೂ, ಬೇಕಾದ ಒತ್ತಡವನ್ನು ಕಿಲೋಬಾರ್ ಲೆಕ್ಕದಲ್ಲಿಯೂ ಬರೆದುಕೊಟ್ಟು, ಕೋಶವನ್ನೂ ಪರಮಾಣುಗಳನ್ನೂ ಸಡಿಲಬಿಡು ಎಂದು ಆಜ್ಞಾಪಿಸಿದರೆ, ತಂತ್ರಾಂಶವು ಎಲೆಕ್ಟ್ರಾನುಗಳ ಸಾಂದ್ರತೆಯನ್ನು ಮತ್ತೆ ಮತ್ತೆ ತಿದ್ದಿ ಸ್ಥಿರಗೊಳಿಸಿ, ಪರಮಾಣುಗಳ ಮೇಲಿನ ಬಲವನ್ನೂ ಕೋಶದ ಮೇಲಿನ ಪೀಡನವನ್ನೂ ಗಣಿಸಿ, ಎಲ್ಲವನ್ನೂ ಒಂದು ಹೆಜ್ಜೆ ಸರಿಸಿ, ಒಳಗಿನ ಪೀಡನ ಹೊರಗಿನ ಒತ್ತಡಕ್ಕೆ ಸಮನಾಗುವವರೆಗೆ ಈ ಆವರ್ತವನ್ನು ನಡೆಸುತ್ತದೆ. ಹತ್ತು ಕಿಲೋಬಾರಿಗೆ ಒಂದು ಗಿಗಾಪಾಸ್ಕಲ್ ಎಂಬುದನ್ನು ಮರೆತು ಒತ್ತಡವನ್ನು ಹತ್ತರಷ್ಟು ತಪ್ಪಾಗಿ ಬರೆದರೂ ಯಂತ್ರವು ಆಕ್ಷೇಪಿಸುವುದಿಲ್ಲ.

ಇನ್ನೂ ಸೂಕ್ಷ್ಮವಾದ ಮೋಸವೊಂದಿದೆ. ಹೊಸದಾಗಿ ಈ ಕ್ಷೇತ್ರಕ್ಕೆ ಬಂದ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಮನನ ಮಾಡಿಕೊಳ್ಳಬೇಕು. ಈ ತಂತ್ರಾಂಶಗಳು ಎಲೆಕ್ಟ್ರಾನಿನ ತರಂಗವನ್ನು ಸರಳವಾದ ಸಮತಲ ಅಲೆಗಳ ಮೊತ್ತವಾಗಿ ಬರೆಯುತ್ತವೆ. ಎಷ್ಟು ಸಣ್ಣ ಅಲೆಗಳವರೆಗೆ ಸೇರಿಸಬೇಕೆಂಬುದನ್ನು ಒಂದು ಶಕ್ತಿಮಿತಿಯಿಂದ ನಾವು ಗೊತ್ತುಮಾಡುತ್ತೇವೆ. ಆರಂಭದಲ್ಲಿ ಆರಿಸಿದ ಅಲೆಗಳ ಸಮೂಹವನ್ನೇ ಉಳಿಸಿಕೊಂಡು ಕೋಶವನ್ನು ಕುಗ್ಗಿಸುತ್ತ ಹೋದರೆ, ಅಲೆಗಳೂ ಕೋಶದೊಡನೆ ಕುಗ್ಗಿ, ನಾವು ಇಟ್ಟ ಮಿತಿಯು ನಮಗರಿವಿಲ್ಲದೆಯೇ ಬದಲಾಗಿಹೋಗುತ್ತದೆ. ಮಿತಿಯು ಸಾಲದಿದ್ದರೆ ಇದರಿಂದ ಹುಸಿಯಾದ ಒಂದು ಪೀಡನ ಹುಟ್ಟಿಕೊಂಡು, ಹರಳು ಇರಬೇಕಾದುದಕ್ಕಿಂತ ಕಿರಿದಾಗಿ ಕಾಣುತ್ತದೆ. ಪುಲಾಯ್ ಪೀಡನವೆಂದು ಇದಕ್ಕೆ ಹೆಸರು. ಪರಿಹಾರ ಕಠಿಣವಲ್ಲ. ಶಕ್ತಿಮಿತಿಯನ್ನು ಏರಿಸಿ ನೋಡಬೇಕು, ಕೋಶವು ನೆಲೆಗೊಂಡ ಮೇಲೆ ಹೊಸ ಅಲೆಗಳ ಸಮೂಹದಿಂದ ಗಣನೆಯನ್ನು ಮತ್ತೊಮ್ಮೆ ಮಾಡಬೇಕು, ಇಲ್ಲವೇ ಹಲವು ಸ್ಥಿರ ಗಾತ್ರಗಳಲ್ಲಿ ಶಕ್ತಿಯನ್ನು ಪಡೆದು ಬರ್ಚ್ ಮತ್ತು ಮರ್ನಹನ್ ಅವರ ಸ್ಥಿತಿಸಮೀಕರಣವನ್ನು ಹೊಂದಿಸಬೇಕು. ಕೆ-ಬಿಂದುಗಳೆಂಬ ಮಾದರಿಬಿಂದುಗಳ ಜಾಲವನ್ನು ದಟ್ಟವಾಗಿಸಿದಾಗಲೂ ಉತ್ತರ ಕದಲದೆಯೆ ನಿಲ್ಲುವುದೋ ಎಂದು ಪರೀಕ್ಷಿಸುವುದು ಇದರ ಜೊತೆಯ ಕರ್ತವ್ಯ. ಲೋಹವಾಗುವ ಹರಳಿನಲ್ಲಿ ಈ ಜಾಲವು ವಿರಳವಾದರೆ ಎಂಥಾಲ್ಪಿಗಳ ಹೋಲಿಕೆ ನಂಬಿಕೆಗೆ ಅರ್ಹವಲ್ಲ. ತಾಳ್ಮೆಯನ್ನು ಬೇಡುವ ಈ ಪರೀಕ್ಷೆಗಳನ್ನು ಗೌಣವೆಂದು ಬಗೆಯುವವರ ಫಲಿತಾಂಶಕ್ಕೆ, ಅದು ಎಷ್ಟು ದಶಮಾಂಶಗಳನ್ನು ಹೊತ್ತುಕೊಂಡು ಬಂದರೂ, ಬೆಲೆಯಿಲ್ಲ.

ಇಷ್ಟೆಲ್ಲ ಸಾವಧಾನದಿಂದ ಮಾಡಿದ ಲೆಕ್ಕವೂ ನಾವು ಮುಂದಿಟ್ಟ ರಚನೆಗಳಲ್ಲಿ ಉತ್ತಮವಾದುದನ್ನು ಹೇಳಬಲ್ಲುದಲ್ಲದೆ, ನಾವು ಊಹಿಸದೆ ಬಿಟ್ಟದ್ದನ್ನು ಹೇಳಲಾರದು. ರಾಸಾಯನಿಕ ಸೂತ್ರವನ್ನು ಬಲ್ಲವರೂ ಅದರ ಹರಳಿನ ಆಕಾರವನ್ನು ಮುಂಗಾಣಲಾರದೆ ಇರುವುದು ನಾಚಿಕೆಯ ಸಂಗತಿಯೆಂದು ‘ನೇಚರ್’ ಪತ್ರಿಕೆಯ ಸಂಪಾದಕ ಜಾನ್ ಮ್ಯಾಡಕ್ಸ್ 1988ರಲ್ಲಿ ಬರೆದದ್ದು ಈ ಕಾರಣದಿಂದಲೇ. 2006ರ ಸುಮಾರಿಗೆ ಈ ಕೊರತೆ ತುಂಬತೊಡಗಿತು. ಒಗಾನೋವ್ ಮತ್ತು ಗ್ಲಾಸ್ ರಚಿಸಿದ ಯುಸ್ಪೆಕ್ಸ್ ಎಂಬ ತಂತ್ರಾಂಶವು, ಜೀವವಿಕಾಸದ ಮಾದರಿಯಲ್ಲಿ, ಹಲವು ರಚನೆಗಳನ್ನು ಹುಟ್ಟಿಸಿ, ಎಂಥಾಲ್ಪಿ ಕಡಮೆಯಿರುವವನ್ನು ಉಳಿಸಿಕೊಂಡು, ಅವನ್ನು ಬೆರೆಸಿ ಮುಂದಿನ ಪೀಳಿಗೆಯನ್ನು ಪಡೆಯುತ್ತದೆ. ಕೇಂಬ್ರಿಜ್ಜಿನ ಪಿಕಾರ್ಡ್ ಮತ್ತು ನೀಡ್ಸ್ ಇನ್ನೂ ಸರಳವಾದ ಮಾರ್ಗವನ್ನು ಹಿಡಿದರು: ಪರಮಾಣುಗಳನ್ನು ಯಾದೃಚ್ಛಿಕವಾಗಿ ಕೋಶದೊಳಗೆ ಚೆಲ್ಲಿ, ಒತ್ತಡದಡಿಯಲ್ಲಿ ಸಡಿಲಬಿಟ್ಟು, ಈ ಕ್ರಿಯೆಯನ್ನು ಅಸಂಖ್ಯಾತ ಬಾರಿ ಪುನರಾವರ್ತಿಸುವುದು. ಇಂಥ ಸರಳ ಮಾರ್ಗವು ಫಲಿಸಿತೆಂಬುದು ನಿಸರ್ಗದ ಔದಾರ್ಯವೆಂದೇ ನನಗೆ ತೋರುತ್ತದೆ.

ಈ ಶೋಧಗಳಿಂದ ಹೊರಬಂದ ಫಲಗಳಲ್ಲಿ ನನಗೆ ಅತ್ಯಂತ ಸೋಜಿಗವೆನಿಸಿದುದು ಸೋಡಿಯಂ. ಶಾಲೆಯ ರಸಾಯನಶಾಸ್ತ್ರವು ಕಲಿಸಿದಂತೆ ಅದು ಚಾಕುವಿನಿಂದ ಕೊಯ್ಯಬಹುದಾದ, ಹೊಳೆಯುವ, ಅತ್ಯಂತ ಸರಳವಾದ ಲೋಹ. ಒತ್ತಿದಷ್ಟೂ ಪರಮಾಣುಗಳು ಸಮೀಪಿಸಿ ಅದರ ಲೋಹತ್ವ ಹೆಚ್ಚಬೇಕೆಂದು ಯಾರಾದರೂ ತರ್ಕಿಸಬಹುದು. ಹಾಗಾಗದಿರಬಹುದೆಂದು ನೀಟನ್ ಮತ್ತು ಆಶ್‌ಕ್ರಾಫ್ಟ್, ಮೊದಲು ಲಿಥಿಯಂ ವಿಷಯದಲ್ಲಿ 1999ರಲ್ಲಿ, ಬಳಿಕ ಸೋಡಿಯಂ ವಿಷಯದಲ್ಲಿ, ಲೆಕ್ಕದಿಂದ ಸೂಚಿಸಿದ್ದರು. 2009ರಲ್ಲಿ ಯಾನ್‌ಮಿಂಗ್ ಮಾ, ಒಗಾನೋವ್, ಮಿಖಾಯಿಲ್ ಎರೆಮೆಟ್ಸ್ ಮುಂತಾದವರು ಪ್ರಕಟಿಸಿದ ಲೇಖನವು ಗಣನೆಯನ್ನೂ ಪ್ರಯೋಗವನ್ನೂ ಒಟ್ಟಿಗೆ ಮುಂದಿಟ್ಟಿತು: ಸುಮಾರು 200 ಗಿಗಾಪಾಸ್ಕಲ್ ಒತ್ತಡದಲ್ಲಿ, ಸಹಜ ಗಾತ್ರದ ಐದನೆಯ ಒಂದು ಪಾಲಿಗೆ ಕುಗ್ಗಿದ ಸೋಡಿಯಂ, ಗಾಜಿನಂತೆ ಪಾರದರ್ಶಕವಾಗುತ್ತದೆ. ಪರಮಾಣುಗಳ ಒಳತಿರುಳುಗಳೇ ಒಂದನ್ನೊಂದು ಅತಿಕ್ರಮಿಸುವಷ್ಟು ಸಮೀಪಿಸಿದಾಗ, ಹೊರಗಿನ ಎಲೆಕ್ಟ್ರಾನುಗಳಿಗೆ ಎಡೆಯಿಲ್ಲದೆ ಅವು ಪರಮಾಣುಗಳ ನಡುವಣ ತೆರಪುಗಳೊಳಕ್ಕೆ ತಳ್ಳಲ್ಪಟ್ಟು ಅಲ್ಲಿಯೇ ಸೆರೆಯಾಗುತ್ತವೆ. ಸಂಚರಿಸುವ ಎಲೆಕ್ಟ್ರಾನು ಇಲ್ಲವಾದೊಡನೆ ಲೋಹದ ಹೊಳಪೂ ಇಲ್ಲವಾಗುತ್ತದೆ. ಈ ಹಾದಿಯಲ್ಲಿಯೇ, ಗಂಧಕ ಮತ್ತು ಹೈಡ್ರೋಜನ್ ಕೂಡಿದ ಹರಳೊಂದು ಅಧಿಕ ಒತ್ತಡದಲ್ಲಿ 200 ಕೆಲ್ವಿನ್ನಿನ ಆಸುಪಾಸಿನವರೆಗೂ ಅತಿವಾಹಕವಾಗಿರಬೇಕೆಂದು ಚೀನದ ಸಂಶೋಧಕರು 2014ರಲ್ಲಿ ಗಣಿಸಿದರು. ಮರುವರ್ಷವೇ ಜರ್ಮನಿಯ ಮೈನ್ಸಿನಲ್ಲಿ ಎರೆಮೆಟ್ಸ್ ಬಳಗವು ಅಂಥ ಅತಿವಾಹಕತ್ವವನ್ನು 203 ಕೆಲ್ವಿನ್ನಿನಲ್ಲಿ ಕಂಡಿತು.

ನಮ್ಮ ಬೆಂಗಳೂರಿಗೆ ಈ ಕಥೆಯಲ್ಲಿ ಸ್ಥಾನವುಂಟು. ಸರ್ ಸಿ. ವಿ. ರಾಮನ್ನರಿಗೆ ವಜ್ರಗಳ ವಿಷಯದಲ್ಲಿದ್ದ ವ್ಯಾಮೋಹ ಪ್ರಸಿದ್ಧವಾದುದು. ಅವರ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಅವರ ಸಹಾಯಕರಾಗಿ ಪಳಗಿದ ಎ. ಜಯರಾಮನ್ ಮುಂದೆ ಅಮೆರಿಕದ ಬೆಲ್ ಪ್ರಯೋಗಾಲಯವನ್ನು ಸೇರಿ, ಅಧಿಕ ಒತ್ತಡದ ಭೌತವಿಜ್ಞಾನದಲ್ಲಿ ಅಗ್ರಗಣ್ಯರಾದರು. ವಜ್ರಗಳ ನಡುವೆ ವಸ್ತುವನ್ನು ಅದುಮುವ ಉಪಕರಣದ ವಿಷಯವಾಗಿ ಅವರು 1983ರಲ್ಲಿ ಬರೆದ ಸುದೀರ್ಘ ಸಮೀಕ್ಷೆಯು ಆ ಕ್ಷೇತ್ರದವರೆಲ್ಲರಿಗೂ ಕೈಪಿಡಿಯಾಯಿತು. 1970ರಲ್ಲಿ ಅವರೂ ಅವರ ಸಂಗಡಿಗರೂ ಸಮೇರಿಯಂ ಸಲ್ಫೈಡ್ ಎಂಬ ಕಪ್ಪು ಹರಳನ್ನು ಒತ್ತಿದಾಗ, ಕೇವಲ 6.5 ಕಿಲೋಬಾರಿನಲ್ಲಿ, ಅದು ಚಿನ್ನದ ಬಣ್ಣದ ಲೋಹವಾಗಿ ಮಾರ್ಪಟ್ಟಿತು. ಪರಮಾಣುಗಳು ಉಪ್ಪಿನ ಹರಳಿನ ವಿನ್ಯಾಸವನ್ನು ಬಿಡಲಿಲ್ಲ. ಬದಲಾದುದು ಸಮೇರಿಯಮ್ಮಿನ ಒಳಕಕ್ಷೆಯಲ್ಲಿ ಅವಿತಿದ್ದ ಎಲೆಕ್ಟ್ರಾನುಗಳ ವಾಸ. ಇಂಥ ಎಲೆಕ್ಟ್ರಾನುಗಳ ಮುಂದೆ ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತದ ರೂಢಿಯ ಅಂದಾಜುಗಳು ತಡವರಿಸುತ್ತವೆ. ಕೋನನ ಆ ಅಜ್ಞಾತ ಪದವು ಇಲ್ಲಿ ತನ್ನ ಸುಂಕವನ್ನು ವಸೂಲು ಮಾಡುತ್ತದೆ. 130 ಗಿಗಾಪಾಸ್ಕಲ್ಲಿನ ಮ್ಯಾಂಟಲ್ ಖನಿಜವನ್ನು ಸಮರ್ಪಕವಾಗಿ ವರ್ಣಿಸುವ ಲೆಕ್ಕವು, ಒಂದು ಗಿಗಾಪಾಸ್ಕಲ್ಲನ್ನೂ ಮುಟ್ಟದ ಈ ಹರಳಿನ ಮುಂದೆ ವಿಶೇಷವಾದ ತಿದ್ದುಪಡಿಗಳನ್ನು ಬೇಡುತ್ತದೆ.

ಬೆಂಗಳೂರಿನಲ್ಲಿಯೇ 2013ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಅವರ ಪ್ರಯೋಗಶಾಲೆಯೂ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉಮೇಶ್ ವಾಘ್ಮರೆ ಅವರ ಗಣಕಗಳೂ ಕೂಡಿ ಆಂಟಿಮನಿ ಸೆಲೆನೈಡ್ ಎಂಬ ಹರಳನ್ನು ಪರಿಶೀಲಿಸಿದವು. ಸುಮಾರು 2.5 ಗಿಗಾಪಾಸ್ಕಲ್ಲಿನಲ್ಲಿ ಅದರ ಕಂಪನಗಳಲ್ಲಿ ಕಂಡ ವಿಪರ್ಯಾಸವನ್ನು, ಪರಮಾಣುಗಳ ವಿನ್ಯಾಸವು ಹಾಗೆಯೇ ಇರುತ್ತ ಎಲೆಕ್ಟ್ರಾನುಗಳ ಸ್ಥಿತಿಯು ಟೊಪೊಲಾಜಿಕಲ್ ಅವಾಹಕವೆಂಬ ಹೊಸ ವರ್ಗಕ್ಕೆ ಹೊರಳುವುದರ ಕುರುಹೆಂದು ಅವರು ವ್ಯಾಖ್ಯಾನಿಸಿದರು. ಆ ಕಂಪನಗಳನ್ನು ಅಳೆದದ್ದು ರಾಮನ್ ಪರಿಣಾಮದ ಮೂಲಕ, ಒತ್ತಿದ್ದು ವಜ್ರಗಳ ನಡುವೆ.

ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಮಂದಿ ಬರೆದ ತಂತ್ರಾಂಶಗಳು ಒಂದೇ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಡುವುವೆ ಎಂಬ ಸಂಶಯವು ಬಹುಕಾಲ ಬಗೆಹರಿಯದೆ ಉಳಿದಿತ್ತು. 2016ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾನಿಲಯದ ಮುಂದಾಳುತನದಲ್ಲಿ ಹತ್ತಾರು ಸಂಸ್ಥೆಗಳವರು ಸೇರಿ, 15 ತಂತ್ರಾಂಶಗಳಿಂದ 71 ಮೂಲವಸ್ತುಗಳ ಹರಳುಗಳನ್ನು ಕುಗ್ಗಿಸಿಯೂ ಹಿಗ್ಗಿಸಿಯೂ ನೋಡಿ, ವಕ್ರರೇಖೆಗಳನ್ನು ಒಂದರ ಮೇಲೊಂದಿಟ್ಟು ತಾಳೆ ನೋಡಿದರು. ಹೊಸ ತಂತ್ರಾಂಶಗಳು ಬಹುಮಟ್ಟಿಗೆ ಒಮ್ಮತಕ್ಕೆ ಬಂದವು. ಅವುಗಳ ಪರಸ್ಪರ ಅಂತರವು ಪ್ರಯೋಗದ ಅಳತೆಗಳಲ್ಲಿಯೇ ಇರುವ ಅಂತರಕ್ಕಿಂತ ಹೆಚ್ಚಾಗಿರಲಿಲ್ಲ. ಇದರಿಂದ ಸಿದ್ಧವಾದುದು ಸಮೀಕರಣಗಳನ್ನು ಅವು ಸರಿಯಾಗಿ ಬಿಡಿಸುತ್ತವೆಯೆಂಬುದು. ಸಮೀಕರಣದೊಳಗಿನ ಅಂದಾಜು ಸರಿಯೆಂಬುದಲ್ಲ. ಎಲ್ಲರೂ ಕೂಡಿ ಒಂದೇ ತಪ್ಪನ್ನು ಮಾಡುವ ಸಂಭವ ಇನ್ನೂ ಉಳಿದಿದೆ. ಅದನ್ನು ತೋರಿಸಿಕೊಡಬಲ್ಲದ್ದು ವಜ್ರಗಳ ನಡುವಣ ನಿಜವಾದ ಕಣವೊಂದೇ.

ಆ ಕಣವೂ ಕೆಲವೊಮ್ಮೆ ಲೆಕ್ಕದ ಮಾತನ್ನು ಕೇಳುವುದಿಲ್ಲ. ಇಂಗಾಲವನ್ನು ಸುಮಾರು ಸಾವಿರ ಗಿಗಾಪಾಸ್ಕಲ್ಲುಗಳಿಗಿಂತ ಮೇಲೆ ಒತ್ತಿದರೆ, ವಜ್ರಕ್ಕಿಂತ ಸಾಂದ್ರವಾದ ಬಿಸಿ-8 ಎಂಬ ವಿನ್ಯಾಸದ ಎಂಥಾಲ್ಪಿ ಕಡಮೆಯಾಗುತ್ತದೆಂದು ಬಹುಕಾಲದಿಂದ ಗಣನೆಗಳು ಒಮ್ಮತದಿಂದ ಹೇಳುತ್ತಿವೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ಯಾಲಿಫೋರ್ನಿಯದ ಲಿವರ್ಮೋರಿನ ಮಹಾಲೇಸರುಗಳು ವಜ್ರವನ್ನು 2,000 ಗಿಗಾಪಾಸ್ಕಲ್ಲಿನವರೆಗೆ, ಅಂದರೆ ಎರಡು ಕೋಟಿ ವಾಯುಮಂಡಲಗಳ ಒತ್ತಡದವರೆಗೆ ಅದುಮಿದವು; ವಜ್ರವು ವಜ್ರವಾಗಿಯೇ ಉಳಿಯಿತು. ಲೆಕ್ಕ ಸುಳ್ಳಾಯಿತೆನ್ನಲಾಗದು. ಎಂಥಾಲ್ಪಿಯು ಗಮ್ಯವನ್ನು ಹೇಳುತ್ತದೆ, ದಾರಿಯನ್ನು ಹೇಳುವುದಿಲ್ಲ. ವಜ್ರದ ಬಂಧಗಳು ಎಷ್ಟು ದೃಢವೆಂದರೆ, ಲೇಸರಿನ ಆ ಅತ್ಯಲ್ಪ ಕಾಲದಲ್ಲಿ ಅವನ್ನು ಮುರಿದು ಹೊಸದಾಗಿ ಕಟ್ಟುವಷ್ಟು ಪ್ರಚೋದನೆ ಪರಮಾಣುಗಳಿಗೆ ದೊರೆಯಲಿಲ್ಲ. ನಾವು ಬೆರಳಿಗೆ ಧರಿಸುವ ವಜ್ರವೂ ಇದೇ ನ್ಯಾಯದಿಂದ ಉಳಿದುಬಂದಿದೆ; ನಮ್ಮ ವಾಯುಮಂಡಲದ ಒತ್ತಡದಲ್ಲಿ ಅದು ಗ್ರಾಫೈಟ್ ಆಗಿರಬೇಕಾಗಿತ್ತು.

ಆದುದರಿಂದ ಈಗಿನ ಗಣನೆಗಳು ಎಂಥಾಲ್ಪಿಗಳ ತಕ್ಕಡಿಯಲ್ಲಿಯೇ ನಿಲ್ಲದೆ, ಪರಮಾಣುಗಳು ಒಂದು ರಚನೆಯನ್ನು ಕಳಚಿ ಇನ್ನೊಂದನ್ನು ಕಟ್ಟುವ ಕ್ರಿಯೆಯನ್ನೇ ಅನುಸರಿಸಿ ನಡೆಯಲು ತೊಡಗಿವೆ. ಕ್ವಾಂಟಂ ಗಣನೆಗಳಿಂದ ಪಾಠ ಕಲಿತ ಯಂತ್ರಕಲಿಕೆಯ ಬಲಸೂತ್ರಗಳು ಬಂದುದರಿಂದ, ನೂರಿನ್ನೂರು ಪರಮಾಣುಗಳಲ್ಲಿ ಕಟ್ಟುಬಿದ್ದಿದ್ದ ಲೆಕ್ಕವು ಕೋಟ್ಯಂತರ ಪರಮಾಣುಗಳಿಗೆ ವ್ಯಾಪಿಸಿದೆ. ಫ್ಲಾರಿಡ ಮತ್ತು ಲಿವರ್ಮೋರಿನ ವಿಜ್ಞಾನಿಗಳು ಅಮೆರಿಕದ ಫ್ರಾಂಟಿಯರ್ ಎಂಬ ಮಹಾಗಣಕದಲ್ಲಿ ಇಂಗಾಲವನ್ನು ಹೀಗೆ ಅದುಮಿ ನೋಡಿ, ವಜ್ರದಿಂದ ಬಿಸಿ-8ಕ್ಕೆ ಹಾದುಹೋಗುವ ಬಾಗಿಲು ಅಧಿಕ ಒತ್ತಡ, ಅಧಿಕ ಉಷ್ಣತೆಗಳ ಬಹು ಕಿರಿದಾದ ಪ್ರದೇಶವೊಂದರಲ್ಲಿ ಮಾತ್ರ ತೆರೆದಿದೆಯೆಂದು 2024ರಲ್ಲಿ ವರದಿ ಮಾಡಿದರು. ಆ ಪ್ರದೇಶವನ್ನು ತಪ್ಪದೆ ಹೊಗಬೇಕಾದರೆ ವಜ್ರವನ್ನು ಎಷ್ಟು ಒತ್ತಬೇಕೆಂಬುದರ ಜೊತೆಗೆ, ಒತ್ತುವಾಗ ಅದು ಎಷ್ಟು ಕಾಯಬೇಕು, ಯಾವ ಕ್ರಮದಲ್ಲಿ ಒತ್ತಡವನ್ನು ಏರಿಸಬೇಕು ಎಂಬುದನ್ನೂ ಲೇಸರುಗಳನ್ನು ನಡೆಸುವವರು ಇನ್ನು ಮುಂದೆ ಆ ಲೆಕ್ಕದಿಂದಲೇ ಓದಿಕೊಳ್ಳಬೇಕಾಗಿದೆ.